ಶಿವನಸಮುದ್ರದ ಕರೆಂಟು, ಕೋಲಾರದ ಚಿನ್ನ

ನಾನು ಐಟಿಐ ಮುಗಿಸಿ ಇಲ್ಲಿ ಗಲ್ಫ್‌ನಲ್ಲಿ ವೈರಿಂಗ್ ಮಾಡೋ ಎಲೆಕ್ಟ್ರಿಷಿಯನ್, ಇತಿಹಾಸದ ಪಂಡಿತನಲ್ಲ. ಆದರೆ ನಮ್ಮ ಕಸುಬಿಗೆ ಸೇರಿದ ಒಂದು ಚರಿತ್ರೆ ಇದೆ. ಅದನ್ನು ನಿಮ್ಮ ಹತ್ತಿರ ಹೇಳಬೇಕು ಅನ್ನಿಸಿತು.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಯೋಜನೆ. ಇದನ್ನು ನಾವು ಹೆಮ್ಮೆಯಿಂದ ಹೇಳ್ತೀವಿ, ಹೇಳಲೇಬೇಕು. ಆದರೆ ಆ ಕರೆಂಟು ಮೊದಲು ಹೋದದ್ದು ಎಲ್ಲಿಗೆ? ಯಾವ ಊರಿನ ಮನೆಗೂ ಅಲ್ಲ, 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ. ಅಷ್ಟು ದೂರ ತಂತಿ ಎಳೆದರೆ ದಾರಿಯಲ್ಲೇ ಶಕ್ತಿ ಸೋರಿಹೋಗುತ್ತೆ. ಅದಕ್ಕೇ ವೋಲ್ಟೇಜ್ 35,000ಕ್ಕೆ ಏರಿಸಿ, ಆಂಪಿಯರ್ ತಗ್ಗಿಸಿ ಕಳಿಸಿದರು. ಆಗಿನ ಕಾಲಕ್ಕೆ ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ.

ಗಣಿ ನಡೆಸುತ್ತಿದ್ದದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಕರೆಂಟು ಬಂದ ಮೇಲೆ ಉಗಿಯಂತ್ರದ ಕಲ್ಲಿದ್ದಲು, ಸೌದೆ ಖರ್ಚು ಇಳಿಯಿತು. ಮೈಸೂರಿಗೆ ರಾಯಧನ ಮತ್ತು ವಿದ್ಯುತ್ತಿನ ದುಡ್ಡು ಸಿಕ್ಕಿತು ನಿಜ. ಆದರೆ ಮೈಸೂರು ಕೂಡ ವರ್ಷ ವರ್ಷ ಬ್ರಿಟಿಷರಿಗೆ ಲಕ್ಷಗಟ್ಟಲೆ ಕಪ್ಪ ಕಟ್ಟಬೇಕಿತ್ತು. ನೀರು ನಮ್ಮದು, ನೆಲ ನಮ್ಮದು, ಬೆವರು ನಮ್ಮವರದು. ಲಾಭ ಮಾತ್ರ ಹಡಗು ಹತ್ತಿ ಲಂಡನ್ನಿನ ಷೇರುದಾರರಿಗೆ ಹೋಯಿತು.

ಗಣಿಯೊಳಗೆ ಇಳಿದವರು ಯಾರು? ಬಹಳಷ್ಟು ಜನ ಉತ್ತರ ಆರ್ಕಾಟ್, ಚಿತ್ತೂರು ಕಡೆಯ ದಲಿತರು. ಊರಲ್ಲಿ ಜೀತ, ಅಸ್ಪೃಶ್ಯತೆ. ಇಲ್ಲಿ ಕೈಗೆ ಕೂಲಿ ಸಿಗ್ತಿತ್ತು. ಆದರೆ ವಾಸಕ್ಕೆ ತಟ್ಟಿ ಗುಡಿಸಲು, ಕೆಳಗೆ ಬಂಡೆ ಸಿಡಿಯುವ ಭಯ, ಎದೆಯಲ್ಲಿ ಕಲ್ಲಿನ ಧೂಳು.

ಅವರು ಸುಮ್ಮನೆ ಕೂರಲಿಲ್ಲ. ಅಯೋತಿ ದಾಸ್ ಪಂಡಿತರ ಬೌದ್ಧ ಚಳವಳಿ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿತು. ಜಾತಿಯ ಕೀಳರಿಮೆ ಬಿಟ್ಟು ತಲೆಯೆತ್ತಿ ಬಾಳುವ ದಾರಿ ಅದು. ಪಂಡಿತರು 1914ರಲ್ಲಿ ತೀರಿಕೊಂಡರು. ಅವರ ‘ತಮಿಳನ್’ ಪತ್ರಿಕೆ ಮುಂದೆ ಗಣಿಯೂರಿನಿಂದಲೇ ಹೊರಬಂತು. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಿ ಅಂದಾಗ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದರು. ಇಲ್ಲಿಗೆ ಬಂದಿಳಿದಾಗ ಹತ್ತೂ ಬೆರಳು ಒತ್ತಿದ ನಮಗೆ ಅವರ ಸಂಕಟ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಬ್ರಿಟಿಷರು ರೈಲು ಕೊಟ್ಟರು, ಕರೆಂಟು ಕೊಟ್ಟರು, ಸುಧಾರಣೆ ತಂದರು ಅಂತ ಈಗಲೂ ಕೆಲವರು ಹೇಳ್ತಾರೆ. ಯಂತ್ರ ಬಂತು, ಒಪ್ಪೋಣ. ಆದರೆ ಗಣಿಯ ಜನ ಮಾನ ಗಳಿಸಿದ್ದು ಕಂಪನಿಯ ದಯೆಯಿಂದಲ್ಲ, ತಮ್ಮದೇ ಸಂಘಟನೆಯಿಂದ. ನಮ್ಮ ಮಕ್ಕಳಿಗೆ ಶಿವನಸಮುದ್ರದ ಕಥೆ ಹೇಳುವಾಗ ಮಾರಿಕುಪ್ಪಂ ಹೆಸರನ್ನೂ ಸೇರಿಸಿ ಹೇಳೋಣ.