ಮುಂಗಾರು, ಕರೆಂಟು, ಭದ್ರತೆ: ಚಿತ್ರದುರ್ಗ ಸೀಮೆಯ ಒಂದು ಅಧ್ಯಯನ

2023ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ 2003ರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ತಮ್ಮ ಕರೆಂಟನ್ನು ಹೊರಗೆ ಮಾರದೆ ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಿತು. ಈ ಅಧಿಕಾರ ಅಸಾಧಾರಣ ಸಂದರ್ಭಗಳಿಗೆ ಮೀಸಲು. ಪ್ರಭುತ್ವದ ಭದ್ರತೆಗೆ ಒದಗುವ ಅಪಾಯವನ್ನೂ ನೈಸರ್ಗಿಕ ವಿಕೋಪವನ್ನೂ ಕಾಯ್ದೆ ಅದರಲ್ಲಿ ಒಟ್ಟಿಗೇ ಸೇರಿಸಿದೆ. ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಜಲಾಶಯಗಳು ತುಂಬಲಿಲ್ಲ. ಇತ್ತ ಬೆಳೆ ಉಳಿಸಿಕೊಳ್ಳಲು ಪಂಪ್‌ಸೆಟ್‌ಗಳು ಮಳೆಗಾಲದಲ್ಲೇ ಓಡತೊಡಗಿ, ಆಗಸ್ಟ್‌ನಲ್ಲಿ ರಾಜ್ಯದ ಬೇಡಿಕೆ 16,000 ಮೆಗಾವ್ಯಾಟ್ ದಾಟಿತು.

ಈ ಸರಪಳಿಯ ಎಲ್ಲ ಕೊಂಡಿಗಳೂ ಒಂದೆಡೆ ಸಿಗುವ ಜಿಲ್ಲೆ ಚಿತ್ರದುರ್ಗ.

ಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಗೆ ಮುಂಗಾರು ಮಳೆಗಿಂತ ಗಾಳಿಯನ್ನೇ ಧಾರಾಳವಾಗಿ ತರುತ್ತದೆ. ಜೋಗಿಮಟ್ಟಿಯಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಗುಡ್ಡಗಳವರೆಗೆ ಗಾಳಿಯಂತ್ರಗಳು ಎದ್ದದ್ದು ಇದೇ ಕಾರಣಕ್ಕೆ. ಗಾಳಿಯ ಶಕ್ತಿ ವೇಗದ ಘನಕ್ಕೆ ಅನುಗುಣ. ವೇಗ ಶೇ 10ರಷ್ಟು ತಗ್ಗಿದರೆ ಶಕ್ತಿ ಶೇ 27ರಷ್ಟು ಕುಸಿಯುತ್ತದೆ. 2018ರಲ್ಲಿ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 1980–2016ರ ಮಾಹಿತಿ ಪರಿಶೀಲಿಸಿ, ಹಿಂದೂ ಮಹಾಸಾಗರ ಬಿಸಿಯಾದಂತೆ ಭಾರತದ, ಅದರಲ್ಲೂ ಪಶ್ಚಿಮ ಭಾಗದ, ಪವನಶಕ್ತಿ ಸಾಮರ್ಥ್ಯ ಇಳಿದಿರಬಹುದೆಂದು ತೋರಿಸಿತು.

ಬಳಕೆಯ ಕಡೆ ನೋಡಿದರೆ, ಹೊಳಲ್ಕೆರೆ, ಹೊಸದುರ್ಗಗಳ ಅಡಿಕೆ, ತೆಂಗಿನ ತೋಟಗಳು ಬೋರನ್ನು ನಂಬಿವೆ. ತ್ರೀಫೇಸ್ ಕರೆಂಟಿನ ಪಾಳಿ ರಾತ್ರಿ ಬಂದರೆ ರೈತ ಟಾರ್ಚ್ ಹಿಡಿದು ಸ್ಟಾರ್ಟರ್ ಬಳಿ ಹೋಗಬೇಕು, ಮೋಟಾರ್ ಹಾಕಿ ವಾಲ್ವ್ ತಿರುಗಿಸಬೇಕು. ಎಲ್ಲರೂ ಒಮ್ಮೆಲೇ ಮೋಟಾರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ಕೆಲವೊಮ್ಮೆ ಟಿಸಿಯೇ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ. ಹತ್ತು ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟು ಉಚಿತವಾದ್ದರಿಂದ ಈ ಹೊರೆ ಕೊನೆಗೆ ಸರ್ಕಾರದ ಸಬ್ಸಿಡಿ ಲೆಕ್ಕಕ್ಕೆ ಸೇರುತ್ತದೆ.

ಮೇಲ್ಮೈ ನೀರಿಗೂ ಈಗ ಕರೆಂಟು ಬೇಕು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿದ್ದು 2022ರಲ್ಲಿ. ಭದ್ರಾ ಮೇಲ್ದಂಡೆ ಯೋಜನೆಯ 29.9 ಟಿಎಂಸಿ ನೀರನ್ನು ಪಂಪ್‌ಗಳಿಂದ ಎತ್ತಿ, ಅಜ್ಜಂಪುರದ ಸುರಂಗದ ಮೂಲಕ ಈ ಕಡೆ ಹರಿಸಬೇಕು.

ಇಷ್ಟೂ ಕರೆಂಟು ಹರಿಯುವ ಗ್ರಿಡ್ಡಿನ ಭದ್ರತೆಯೂ ಇದೇ ಸರಪಳಿಯ ಕೊಂಡಿ. 2012ರ ಜುಲೈನಲ್ಲಿ ಉತ್ತರ ಭಾರತದ ಗ್ರಿಡ್ ಕುಸಿದಾಗ ದಕ್ಷಿಣ ಪಾರಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ವಿದ್ಯುತ್ ಮಾರ್ಗ ಎರಡೂ ಕಡೆಯ ಗ್ರಿಡ್‌ಗಳನ್ನು ಬೆಸೆಯಿತು. ಕೊರತೆಯಾದಾಗ ನೆರವು ಪಡೆಯುವುದು ಸುಲಭವಾಯಿತು, ಒಂದೆಡೆಯ ಎಡವಟ್ಟು ಮತ್ತೊಂದೆಡೆ ಹಬ್ಬುವ ದಾರಿಯೂ ತೆರೆಯಿತು. ದೇಶದ ಭದ್ರತೆಯ ಕೊಂಡಿಯೂ ಇಲ್ಲಿದೆ: ಡಿಆರ್‌ಡಿಒ ಮಾನವರಹಿತ ವಿಮಾನಗಳನ್ನು ಪರೀಕ್ಷಿಸುವ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ಕೇಂದ್ರ ಇರುವುದೂ ಇದೇ ಬಯಲುಸೀಮೆಯಲ್ಲಿ.

ಆದ್ದರಿಂದ ಜಲವಿದ್ಯುತ್, ಗಾಳಿ, ಬೋರುಗಳ ಹೊರೆ ಮೂರನ್ನೂ ಒಂದೇ ಮುಂಗಾರಿನ ಅಪಾಯವೆಂದು ಲೆಕ್ಕ ಹಾಕಬೇಕು. ಮಳೆಗಾಲದಲ್ಲಿ ಭದ್ರೆಯ ನೀರೆತ್ತುವ ಕೆಲಸ ಗಾಳಿಯ ತಿಂಗಳುಗಳಿಗೆ ಹೊಂದುತ್ತದೆ, ಮಳೆ ಕಡಿಮೆಯಾದರೆ ಎತ್ತುವ ನೀರೂ ಕಡಿಮೆ. ಬರದಲ್ಲಿ ಹೊರೆ ಏರುವುದು ಬೋರುಗಳಿಂದ. ಕೇಂದ್ರದ ಪಿಎಂ-ಕುಸುಮ್ ಯೋಜನೆಯಡಿ ಕೃಷಿ ಫೀಡರುಗಳನ್ನು ಸೌರಶಕ್ತಿಗೆ ಜೋಡಿಸಿ ಹಗಲಲ್ಲೇ ತ್ರೀಫೇಸ್ ಕೊಡುವುದಾದರೆ, ಮೊದಲ ಸರದಿ ಹೊಳಲ್ಕೆರೆ, ಹೊಸದುರ್ಗಗಳಂಥ ತಾಲ್ಲೂಕುಗಳದ್ದಾಗಬೇಕು.