ಕಣದ ಹಾಡು, ಬೀಸುಕಲ್ಲಿನ ಹಾಡು: ಸಂಕೇಶ್ವರ ಸೀಮೆಯ ದುಡಿಮೆಯ ಹಿಗ್ಗು

ಹಿರಣ್ಯಕೇಶಿ ದಂಡೆಯ ಸಂಕೇಶ್ವರದಿಂದ ಹಿಡಿದು ಹುಕ್ಕೇರಿ, ಗೋಕಾಕ, ಮೂಡಲಗಿಯವರೆಗಿನ ಸೀಮೆಯಲ್ಲಿ, ಕಾಲುವೆ ನೀರೂ ವಿದ್ಯುತ್ತೂ ಬರುವ ಮುಂಚೆ, ಒಕ್ಕಲುತನದ ದೊಡ್ಡ ಕೆಲಸಗಳೆಲ್ಲ ಹಾಡಿನ ಜತೆಗೇ ಸಾಗುತ್ತಿದ್ದವು. ಬೀಸುವಾಗ ಬೀಸುವ ಪದ, ಕುಟ್ಟುವಾಗ ಕುಟ್ಟುವ ಪದ, ರಾಶಿ ಮಾಡುವಾಗ ಹಂತಿ ಪದ. ಕುಡಗೋಲು, ಮೊರ, ಹಗ್ಗಗಳ ಹಾಗೆ ಹಾಡೂ ಒಂದು ಸಲಕರಣೆಯಾಗಿತ್ತು. ಅದಿಲ್ಲದೆ ಕೆಲಸಕ್ಕೆ ಕೂತವರು ಬೇಗ ದಣಿಯುತ್ತಿದ್ದರು, ಎತ್ತುಗಳು ನಿಲ್ಲುತ್ತಿದ್ದವು, ಕಣ್ಣಿಗೆ ನಿದ್ದೆ ಹತ್ತುತ್ತಿತ್ತು. ಬೇಸರ ತರುವ ಕೆಲಸವನ್ನು ಬಿಟ್ಟು ಹೋಗಲು ದಾರಿಯಿಲ್ಲದ ಕಾಲದಲ್ಲಿ, ಅದೇ ಕೆಲಸದೊಳಗೆ ಹಿಗ್ಗನ್ನು ಹೇಗೆ ಕೂಡಿಸಿಕೊಳ್ಳುತ್ತಿದ್ದರು ಎಂಬುದಕ್ಕೆ ಈ ಸೀಮೆಯ ಇತಿಹಾಸ ಒಳ್ಳೆಯ ಸಾಕ್ಷಿ.

ಹಂತಿಯೇ ಇವುಗಳಲ್ಲಿ ದೊಡ್ಡದು. ಹಿಂಗಾರಿ ಜೋಳದ ಕೊಯ್ಲು ಮುಗಿದ ಮೇಲೆ ಹೊಲದಲ್ಲೇ ಕಣ ಮಾಡುತ್ತಿದ್ದರು. ನೆಲ ಕೆತ್ತಿ, ನೀರು ಹೊಡೆದು, ತುಳಿಸಿ ಗಟ್ಟಿ ಮಾಡಿ, ಮೇಲೆ ಸೆಗಣಿ ಸಾರಿಸಿ, ನಡುವೆ ಮೇಟಿ ಎಂಬ ಕಂಬ ನೆಟ್ಟು ಪೂಜೆ ಮಾಡುವುದು ಮೊದಲ ಕೆಲಸ. ಮುರಿದ ತೆನೆಗಳನ್ನು ಮೇಟಿಯ ಸುತ್ತ ಹರವಿ, ಎತ್ತುಗಳನ್ನು ಒಂದರ ಮಗ್ಗುಲಿಗೆ ಒಂದರಂತೆ ಸಾಲಾಗಿ ಬಿಗಿದು ಮೇಟಿಗೆ ಕಟ್ಟಿದರೆ ಹಂತಿ ಹೂಡಿದಂತೆ. ಮೇಟಿಗೆ ಹತ್ತಿರದ ಎತ್ತು ಇದ್ದಲ್ಲೇ ತಿರುಗುತ್ತದೆ. ಕಡೆಯದು ದೊಡ್ಡ ಸುತ್ತು ಹಾಕಬೇಕು. ಹಾಗಾಗಿ ವಯಸ್ಸಾದ ನಿಧಾನದ ಎತ್ತು ಒಳಗೆ, ಹರೆಯದ ಚುರುಕು ಎತ್ತು ಹೊರಗೆ. ಮನೆಯ ಎತ್ತುಗಳು ಸಾಲದಿದ್ದರೆ ನೆರೆಹೊರೆಯವರು ತಮ್ಮವನ್ನು ತಂದು ಕಟ್ಟುತ್ತಿದ್ದರು. ಮುಂದೆ ಅವರ ಕಣಕ್ಕೆ ಇವರು ಹೋಗುವುದು ಮುಯ್ಯಿ.

ಈ ಕೆಲಸ ಬಹುಪಾಲು ರಾತ್ರಿಯದು. ತಂಪಿನಲ್ಲಿ ಎತ್ತು ಸೋಲುವುದಿಲ್ಲ, ಹಗಲಿನ ಗಾಳಿ ತೂರುವುದಕ್ಕೆ ಉಳಿಯುತ್ತದೆ. ಆದರೆ ಒಂದೇ ವರ್ತುಲದಲ್ಲಿ ಗಂಟೆಗಟ್ಟಲೆ ಎತ್ತುಗಳ ಹಿಂದೆ ನಡೆಯುವುದೆಂದರೆ ಮನಸ್ಸಿಗೆ ಮಂಪರು ಕವಿಯುವ ಕೆಲಸ. ಎತ್ತು ಬಾಲ ಎತ್ತಿದರೆ ಸೆಗಣಿ ಕಾಳಿನ ಮೇಲೆ ಬೀಳದಂತೆ ಹುಲ್ಲಿನ ಸಿಂಬಿಯಲ್ಲೋ ಬುಟ್ಟಿಯಲ್ಲೋ ಹಿಡಿಯಬೇಕು. ಅಷ್ಟು ಎಚ್ಚರ ಬೇಕು. ಆ ಎಚ್ಚರವನ್ನು ಕಾಯುತ್ತಿದ್ದುದು ಹಾಡು. ಒಬ್ಬ ಮುಂದಾಳು ಸಾಲು ಎತ್ತಿಕೊಡುತ್ತಾನೆ, ಉಳಿದವರು ಹಿಮ್ಮೇಳದಲ್ಲಿ ಅದನ್ನು ಎಳೆದು ಮುಗಿಸುತ್ತಾರೆ. ಯಾವ ವಾದ್ಯವೂ ಬೇಕಿಲ್ಲ. ಎತ್ತುಗಳ ಹೆಜ್ಜೆಯೇ ತಾಳ. ದೇವರ ಸ್ತುತಿಯಿಂದ ಶುರುವಾದ ಹಾಡು ಶರಣರ ಕತೆಗೆ, ಎತ್ತಿನ ಬಣ್ಣನೆಗೆ, ಊರಿನ ಸಂಗತಿಗೆ ಹೊರಳಿ, ಬೆಳ್ಳಿ ಮೂಡುವ ತನಕ ನಡೆಯುತ್ತಿತ್ತು. ದೀರ್ಘ ಕಥನವುಳ್ಳ ಹಂತಿ ಪದಗಳು ಬೆಳೆದದ್ದೇ ಕೆಲಸ ದೀರ್ಘವಾಗಿದ್ದರಿಂದ. ಮುಂದೇನಾಯಿತು ಎಂಬ ಕುತೂಹಲವೇ ಇನ್ನೊಂದು ಸುತ್ತಿಗೆ ಕಾಲು ಎತ್ತಿಸುತ್ತಿತ್ತು. ಹೊಸ ಹುಡುಗ ಕತೆ ಕೇಳಬೇಕೆಂದೇ ಕಣಕ್ಕೆ ಬಂದು, ಕೇಳುತ್ತ ಕೇಳುತ್ತ ಹಂತಿ ಹೊಡೆಯುವುದನ್ನೂ ಪದ ಕಟ್ಟುವುದನ್ನೂ ಒಟ್ಟಿಗೇ ಕಲಿಯುತ್ತಿದ್ದ.

ತೂರಿದ ಮೇಲೆ ಅಳೆಯುವುದು. ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎಂದು, ಆಮೇಲೆ ಎರಡು, ಮೂರು ಎಂದು ಎಣಿಸುವ ರೂಢಿಯಿತ್ತು. ಬಡಿಗ, ಕಂಬಾರ, ಕುಂಬಾರ, ನಾವಿಗ, ಅಗಸ ಎಲ್ಲರೂ ತಮ್ಮ ಆಯಕ್ಕಾಗಿ, ಅಂದರೆ ವರ್ಷದ ದುಡಿಮೆಗೆ ಸಲ್ಲುವ ಕಾಳಿನ ಪಾಲಿಗಾಗಿ, ಕಣಕ್ಕೇ ಬರುತ್ತಿದ್ದರು. ವರ್ಷವಿಡೀ ಕುಂಟೆ, ಕೂರಿಗೆ ಮಾಡಿಕೊಟ್ಟವನ ದುಡಿಮೆಗೂ ರೈತನ ಬೆಳೆಗೂ ಇದ್ದ ಸಂಬಂಧ ಅಲ್ಲಿ ಎಲ್ಲರ ಕಣ್ಣೆದುರಿಗೇ ಕಾಣುತ್ತಿತ್ತು. ಮಾಡಿದ ಕೆಲಸ ಯಾರ ಹೊಟ್ಟೆಗೆ ಸೇರುತ್ತದೆಂದು ತಿಳಿದು ದುಡಿಯುವುದರ ಸಮಾಧಾನ ಹಾಡಿಗಿಂತ ಕಡಿಮೆಯದಲ್ಲ. ಆದರೆ ಆಯದ ಪಾಲು ಎಲ್ಲರಿಗೂ ಸಮನಾಗಿರಲಿಲ್ಲ. ಕಣದ ಅಂಚಿನಲ್ಲಿ ನಿಂತು ಕೈಯೊಡ್ಡಬೇಕಾದ ಜಾತಿಗಳಿದ್ದವು. ಆ ಸಮಾಧಾನ ಅವರ ಪಾಲಿಗೆ ಅಷ್ಟಾಗಿ ಬಂದಿರಲಾರದು.

ಹಂತಿ ಗಂಡಸರದಾದರೆ ಬೀಸುಕಲ್ಲು ಹೆಂಗಸರದು. ಜೋಳದ ರೊಟ್ಟಿಯ ಸೀಮೆಯಲ್ಲಿ ದಿನದ ಹಿಟ್ಟನ್ನು ದಿನವೂ ಬೀಸಬೇಕು. ಕೋಳಿ ಕೂಗುವ ಮೊದಲೇ ಎದ್ದು, ಇಬ್ಬರು ಎದುರುಬದುರಾಗಿ ಕೂತು, ಒಂದೇ ಗೂಟ ಹಿಡಿದು ಕಲ್ಲು ತಿರುಗಿಸುತ್ತಿದ್ದರು. ಒಬ್ಬಳು ಎಳೆದರೆ ಇನ್ನೊಬ್ಬಳು ತಳ್ಳಬೇಕು. ಬಿಡುಗೈಯಿಂದ ಕಲ್ಲಿನ ಬಾಯಿಗೆ ಹಿಡಿ ಹಿಡಿ ಕಾಳು ಹಾಕಬೇಕು. ಇಬ್ಬರ ಕೈ ಹೊಂದದಿದ್ದರೆ ರಟ್ಟೆ ನೋಯುತ್ತದೆ, ಹಿಟ್ಟು ತರಿಯಾಗುತ್ತದೆ. ಹೊಂದಿಸುವ ಕೆಲಸ ಮೂರು ಸಾಲಿನ ಹಾಡಾದ ತ್ರಿಪದಿಯದು. ಒಬ್ಬಳು ಹಾಡಿದ ಸಾಲನ್ನು ಇನ್ನೊಬ್ಬಳು ಹಿಡಿಯುವುದರಿಂದ ಉಸಿರಿಗೆ ಬಿಡುವು ಸಿಗುತ್ತಿತ್ತು, ಕಲ್ಲು ನಿಲ್ಲುತ್ತಿರಲಿಲ್ಲ. ಮೊದಲು ಕಲ್ಲಿಗೆ, ದೇವರಿಗೆ, ಗುರುವಿಗೆ ನಮಿಸಿ, ಆಮೇಲೆ ತವರು, ಅಣ್ಣತಮ್ಮ, ಹಡೆದವ್ವ, ಮಕ್ಕಳು, ಗಂಡನ ಮನೆಯ ಕಷ್ಟ ಎಲ್ಲವೂ ಬರುತ್ತಿದ್ದವು. ಅತ್ತೆಯ ಎದುರು ಆಡಲಾಗದ ಮಾತನ್ನು ಸೊಸೆ ಕಲ್ಲಿನ ಮುಂದೆ ಹಾಡಬಹುದಿತ್ತು. ಹೀಗಾಗಿ ಬೀಸುವ ಪದದಲ್ಲಿ ಸಂತೋಷದಷ್ಟೇ ದುಃಖವೂ ಇದೆ. ಅಳಲನ್ನು ಹೇಳಿಕೊಂಡು ಹಗುರಾಗುವುದೂ ದುಡಿಮೆಯಲ್ಲಿ ಸಿಗುವ ಒಂದು ಸುಖ. ಇದನ್ನು ಬಿಟ್ಟು ಬರೀ ನಗುವನ್ನು ಹುಡುಕಿದರೆ ಆ ಹೆಂಗಸರ ಬದುಕಿಗೆ ಅನ್ಯಾಯವಾಗುತ್ತದೆ.

ಕೆಲಸ ಮತ್ತು ಲಯದ ಈ ಸಂಬಂಧವನ್ನು ಜರ್ಮನಿಯ ಅರ್ಥಶಾಸ್ತ್ರಜ್ಞ ಕಾರ್ಲ್ ಬ್ಯೂಷರ್ 1896ರಲ್ಲಿ ಒಂದು ಪುಸ್ತಕದಲ್ಲೇ ವಿವರಿಸಿದ. ಲಯಕ್ಕೆ ಬಿದ್ದ ಕೆಲಸದಲ್ಲಿ ದೇಹ ತಾನೇ ಚಲಿಸುತ್ತದೆ, ದಣಿವು ಕಡಿಮೆಯಾಗುತ್ತದೆ, ಹಲವರ ಬಲ ಒಂದೇ ಕ್ಷಣಕ್ಕೆ ಕೂಡುತ್ತದೆ ಎಂಬುದು ಅವನ ವಾದ. ಹಾಯಿಹಡಗಿನ ನಾವಿಕರು, ಉಣ್ಣೆಬಟ್ಟೆ ಬಡಿಯುತ್ತಿದ್ದ ಸ್ಕಾಟ್ಲೆಂಡಿನ ಹೆಂಗಸರು ಇದನ್ನು ಬಲ್ಲವರಾಗಿದ್ದರು. ಹುಕ್ಕೇರಿಯ ಕಣದವರೂ ಬಲ್ಲವರಾಗಿದ್ದರು.

ಎಲ್ಲ ಕೆಲಸಕ್ಕೂ ಹಾಡು ಬೇಕಿರಲಿಲ್ಲ ಎಂಬುದೂ ಗಮನಿಸಬೇಕಾದ ಮಾತು. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯ ಮುಂದೆ ನಿಂತವನಿಗೆ ಹಾಡಲು ಪುರಸೊತ್ತಿಲ್ಲ. ಕಬ್ಬಿನ ಹಾಲು ಕಾದಂತೆ ಬೆಂಡೆಗಿಡದ ಲೋಳೆ ಬಿಟ್ಟು ಕೊಳೆಯನ್ನು ಮೇಲೆ ಬರಿಸಿ ತೆಗೆಯಬೇಕು. ನೊರೆಯ ಬಣ್ಣ, ಗುಳ್ಳೆಯ ಗಾತ್ರ, ವಾಸನೆ ನೋಡಿ ಉರಿ ಹೆಚ್ಚುಕಡಿಮೆ ಮಾಡಿಸಬೇಕು. ಕೊನೆಗೆ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡಬೇಕು. ಒಂದು ಗಳಿಗೆ ತಡವಾದರೆ ಬೆಲ್ಲ ಕಪ್ಪಾಗುತ್ತದೆ, ಮುಂಚೆ ಇಳಿಸಿದರೆ ಗಟ್ಟಿಯಾಗುವುದಿಲ್ಲ. ಇಂಥ ಕಡೆ ಮನಸ್ಸು ಪೂರ್ತಿ ಕೆಲಸದಲ್ಲೇ ಮುಳುಗಿರುತ್ತದೆ. ಬೇಸರಕ್ಕೆ ಎಡೆಯೇ ಇಲ್ಲ. ಗೋಕಾಕದ ಚಿತ್ರಗಾರರ ಬೊಂಬೆ ಕೆಲಸವೂ ಹೀಗೆಯೇ. ಸುತ್ತಲಿನ ಹಗುರ ಕಟ್ಟಿಗೆ ಮತ್ತು ವಿಶೇಷ ಮಣ್ಣಿನಿಂದ ಮಾಡಿದ ಅವರ ಮೂರ್ತಿಗಳೂ ಹಣ್ಣುಗಳೂ ಬ್ರಿಟಿಷರ ಕಾಲದ ಗ್ಯಾಸೆಟಿಯರಿನಲ್ಲಿ ದಾಖಲಾಗುವಷ್ಟು ಹೆಸರು ಮಾಡಿದ್ದವು. ಕಟ್ಟಿಗೆಯ ಮಾವಿನಹಣ್ಣಿಗೆ ನಿಜವಾದ ಹಣ್ಣಿನ ಬಣ್ಣ ತರುವವನಿಗೆ ಆ ಬಣ್ಣವೇ ಸಂಭಾವನೆಯ ಒಂದು ಪಾಲು. ಕೈಚಳಕವೇ ಸುಖ ಕೊಡುವಲ್ಲಿ ಹಾಡು ಹುಟ್ಟಲಿಲ್ಲ. ಒಂದೇ ಚಲನೆ ಸಾವಿರ ಸಲ ಮರಳುವಲ್ಲಿ ಹುಟ್ಟಿತು.

ದುಡಿಮೆಯ ಗೌರವಕ್ಕೆ ಈ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಶರಣರ ಬೆಂಬಲವೂ ಇತ್ತು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಸೌದೆ ಮಾರುವ ಮೋಳಿಗೆ ಮಾರಯ್ಯ ತಮ್ಮ ಕೆಲಸವನ್ನೇ ಪೂಜೆಯಾಗಿ ಕಂಡರು. ಆಯ್ದಕ್ಕಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ತಿರುಗಿ ಚೆಲ್ಲಿ ಬರಲು ಕಳಿಸಿದಳೆಂಬ ಕತೆ ಪ್ರಸಿದ್ಧ. ಸಂಕೇಶ್ವರದ ಪಕ್ಕದ ನಿಡಸೋಸಿಯ ದುರದುಂಡೀಶ್ವರ ಮಠದಂಥ ಕಡೆ ಕಾಯಕ, ದಾಸೋಹದ ಮಾತು ಇಂದಿಗೂ ದಿನಬಳಕೆಯದು. ಕಾಯಕವು ದುಡಿಮೆಗೆ ಅರ್ಥ ಕೊಟ್ಟಿತು. ಆದರೆ ಮಧ್ಯರಾತ್ರಿಯಲ್ಲಿ ಕಾಲು ಎಳೆಯುವವನಿಗೆ ಆ ಅರ್ಥವನ್ನು ನೆನಪಿಸುತ್ತಿದ್ದುದು ಶರಣರ ಕತೆ ಹೇಳುವ ಹಂತಿ ಪದವೇ.

ಬದಲಾವಣೆ ಮೊದಲು ಕಂಡದ್ದು ಗೋಕಾಕದಲ್ಲಿ. ಘಟಪ್ರಭೆ 52 ಮೀಟರ್ ಧುಮುಕುವ ಜಾಗದಲ್ಲಿ 1885ರಲ್ಲಿ ಸ್ಥಾಪನೆಯಾದ ಕಂಪನಿ 1887ರ ಹೊತ್ತಿಗೆ ಜಲಶಕ್ತಿಯಿಂದ ನೂಲಿನ ಗಿರಣಿ ನಡೆಸತೊಡಗಿತು. ಸುತ್ತಲಿನ ಹಳ್ಳಿಗಳ ಜನ ಮೊದಲ ಸಲ ಪಾಳಿಯ ಲೆಕ್ಕದಲ್ಲಿ ದುಡಿಯಲು ಕಲಿತರು. ತಿಂಗಳಿಗೊಮ್ಮೆ ಕೈಗೆ ಬರುವ ಪಗಾರ ಮಳೆಯನ್ನು ನಂಬಿ ಕೂರುವ ದೈನ್ಯದಿಂದ ಬಿಡಿಸಿತು. ಅದು ಸಣ್ಣ ಲಾಭವಲ್ಲ. ಆದರೆ ಹರಿದ ಎಳೆ ಸೇರಿಸುವ ಕೈಗೆ ವೇಗ ಗೊತ್ತುಮಾಡುವುದು ಯಂತ್ರ. ಸಾವಿರಾರು ಕದಿರುಗಳ ಗದ್ದಲದಲ್ಲಿ ಪಕ್ಕದವನ ಮಾತೇ ಕೇಳದು, ಹಾಡು ಎಲ್ಲಿಂದ ಕೇಳೀತು? ಹಾಡು ಕೆಲಸದಿಂದ ಹೊರಬಿದ್ದು ಪಾಳಿ ಮುಗಿದ ಮೇಲಿನ ಭಜನೆಗೆ, ಆಟಕ್ಕೆ ಸೇರಿತು.

ಕಾರ್ಖಾನೆಗೆ ಹಾಡನ್ನು ಮರಳಿ ತರುವ ಪ್ರಯತ್ನ ಇಂಗ್ಲೆಂಡಿನಲ್ಲಿ ನಡೆಯಿತು. ಯುದ್ಧಕಾಲದ ಉತ್ಪಾದನೆ ಹೆಚ್ಚಲೆಂದು ಬಿಬಿಸಿ 1940ರಲ್ಲಿ ಕಾರ್ಖಾನೆಗಳಿಗಾಗಿ ದಿನಕ್ಕೆರಡು ಬಾರಿ ಸಂಗೀತ ಪ್ರಸಾರ ಆರಂಭಿಸಿತು. ಅದು 1967ರವರೆಗೂ ನಡೆಯಿತು. ನಡುನಡುವೆ ಚಪ್ಪಾಳೆ ಬೇಡುವ ಒಂದು ಜನಪ್ರಿಯ ಹಾಡನ್ನು ಮಾತ್ರ ಅದರಲ್ಲಿ ಹಾಕುವಂತಿರಲಿಲ್ಲ. ಕೆಲಸಗಾರರು ಕೈಯಲ್ಲಿದ್ದ ಸಲಕರಣೆಗಳನ್ನೇ ಬಡಿದು ತಾಳ ಹಾಕುತ್ತಾರೆಂಬ ಭಯ. ಹಂತಿಗೂ ಇದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ಕಣದಲ್ಲಿ ತಾಳ ಹಾಕುವುದೇ ಕೆಲಸ. ಯಾವ ಹಾಡು, ಎಷ್ಟು ವೇಗ, ಎಲ್ಲಿ ನಿಲುಗಡೆ ಎಂಬುದೆಲ್ಲ ದುಡಿಯುವವರ ಕೈಯಲ್ಲಿತ್ತು. ಹಿಗ್ಗಿನ ಮೂಲ ಸ್ವರದಲ್ಲಿ ಇದ್ದಷ್ಟೇ ಈ ಹಿಡಿತದಲ್ಲೂ ಇತ್ತು ಎಂದು ಧೈರ್ಯವಾಗಿ ಹೇಳಬಹುದು.

ಹಳ್ಳಿಗಳಲ್ಲಿ ಹಾಡು ಹಿಂದೆ ಸರಿದದ್ದು ಸ್ವಾತಂತ್ರ್ಯದ ನಂತರ. ದೇಶದಲ್ಲಿ ಪ್ರಯೋಗವಾಗಿ ಕಟ್ಟಿದ ಮೊದಲ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. 1969ರಲ್ಲಿ ಹುಟ್ಟಿದ ಆ ಸಂಘ ಇಂದಿಗೂ ತಾಲ್ಲೂಕಿಗೆ ಕರೆಂಟು ಹಂಚುತ್ತಿದೆ. ಕರೆಂಟಿನ ಬೆನ್ನಿಗೇ ಹಿಟ್ಟಿನ ಗಿರಣಿಗಳು ಹೆಚ್ಚಿದವು, ಬೀಸುಕಲ್ಲು ಮೂಲೆ ಸೇರಿತು. ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯದ ನೀರು, ನದಿದಂಡೆಯ ಪಂಪಸೆಟ್ಟುಗಳು, ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಎಲ್ಲ ಸೇರಿ ಜೋಳದ ಹೊಲಗಳನ್ನು ಕಬ್ಬಿನ ಗದ್ದೆಗಳಾಗಿ ಮಾಡಿದವು. ಉಳಿದ ಜೋಳಕ್ಕೆ ರಾಶಿ ಯಂತ್ರ ಬಂತು. ಮೇಟಿ ನೆಡುವ ಕಾರಣವೇ ಇಲ್ಲವಾಯಿತು. ನಾಲ್ಕು ಗಂಟೆಗೆ ಏಳುವುದು ತಪ್ಪಿತೆಂದು ಹೆಂಗಸರಿಗೆ ಆದ ನೆಮ್ಮದಿಯ ಮುಂದೆ ಹಾಡು ಹೋಯಿತೆಂಬ ಹಳಹಳಿಕೆಯನ್ನು ಇಡುವುದು ಸರಿಯಲ್ಲ.

ಹಾಡುಗಳು ಪೂರ್ತಿ ಅಳಿಯಲಿಲ್ಲ. ಹಲಸಂಗಿಯ ಗೆಳೆಯರು ಬೀಸುವ ಪದಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದ್ದರು. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು, ಅಂದರೆ ಆನಂದಕಂದರು, ಈ ಸೀಮೆಯ ಆಡುಮಾತನ್ನೂ ಹಾಡಿನ ಧಾಟಿಯನ್ನೂ ತಮ್ಮ ಕಾವ್ಯಕ್ಕೆ ತಂದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಜನಪದ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿತು. ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದ, ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ ಶ್ರೀಕೃಷ್ಣ ಪಾರಿಜಾತದ ಆಟ ಹಗಲೆಲ್ಲ ದುಡಿದವರ ರಾತ್ರಿಯ ಸಂಭ್ರಮವಾಗಿ ಉಳಿಯಿತು. ಹಂತಿ ಪದ ಈಗ ಉತ್ಸವಗಳ ವೇದಿಕೆಯ ಕಲೆ.

ಕೆಲಸದ ಜತೆಗಿನ ಹಾಡು ಮಾತ್ರ ಬೇರೆ ದಾರಿಯಲ್ಲಿ ಬಂದಿದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದು ಕಾರ್ಖಾನೆಗೆ ಹೊರಡುವ ಟ್ರ್ಯಾಕ್ಟರುಗಳಲ್ಲಿ ದೊಡ್ಡ ಸ್ಪೀಕರುಗಳಿರುತ್ತವೆ. ಅವುಗಳಲ್ಲಿ ಕೇಳುವ ಹಾಡುಗಳಲ್ಲಿ ಅನೇಕವು ಈ ಭಾಗದ ಹುಡುಗರೇ ಕಟ್ಟಿ ಹಾಡಿದವು. ಡ್ರೈವರನ ಬದುಕು, ಗಾಡಿಯ ಗತ್ತು, ಊರಿನ ಪ್ರೀತಿ ಅವುಗಳ ವಸ್ತು. ಕಾರ್ಖಾನೆಯ ಅಂಗಳದಲ್ಲಿ ಕಬ್ಬು ಇಳಿಸುವ ಸರದಿಗಾಗಿ ರಾತ್ರಿಯಿಡೀ ಕಾಯುವ ಡ್ರೈವರುಗಳು ನಿದ್ದೆ ಓಡಿಸಲು ಇವನ್ನೇ ಹಚ್ಚಿಕೊಳ್ಳುತ್ತಾರೆ.