ಧರ್ಮಭಗಿನಿ

ವಿಜಯಪುರ ಜಿಲ್ಲೆಯ ತಾಂಬಾ, ಇಂಡಿ, ಸಿಂದಗಿ ಕಡೆ ‘ಸಿಸ್ಟರ್’ ಅಂದರೆ ದವಾಖಾನೆಯ ನರ್ಸ್ ಕೂಡ ಹೌದು, ಕಾನ್ವೆಂಟಿನ ಸನ್ಯಾಸಿನಿಯೂ ಹೌದು. ಈ ಎರಡನೆಯವರಿಗೆ ಕನ್ನಡ ಕ್ರೈಸ್ತರ ಬರವಣಿಗೆಯಲ್ಲಿ ನಿಂತಿರುವ ಪದ ಧರ್ಮಭಗಿನಿ. ಭಗಿನಿ ಸಂಸ್ಕೃತದಲ್ಲಿ ಒಡಹುಟ್ಟಿದವಳು. ಮುಂದೆ ‘ಧರ್ಮ’ ಸೇರಿದಾಗ ಅದು ರಕ್ತದಿಂದಲ್ಲ, ವ್ರತದಿಂದ ಬಂದ ಅಕ್ಕತನ. ಪತ್ರಿಕೆಗಳು ಬರೆಯುವ ‘ಕನ್ಯಾಸ್ತ್ರೀ’ ಅವರ ಮೂರು ವ್ರತಗಳಲ್ಲಿ ಬ್ರಹ್ಮಚರ್ಯವನ್ನಷ್ಟೇ ಎತ್ತಿ ಹಿಡಿಯುತ್ತದೆ. ಬಡತನ, ವಿಧೇಯತೆ ಹೊರಗುಳಿಯುತ್ತವೆ, ದುಡಿಮೆಯಂತೂ ಕಾಣುವುದೇ ಇಲ್ಲ. ನನಗೆ ಧರ್ಮಭಗಿನಿಯೇ ಸರಿ ಅನಿಸುತ್ತದೆ. ಮಂಗಳೂರಿನ ಕೊಂಕಣಿಯಲ್ಲಿ ಹಳೆಯ ಮಾತು ‘ಮಾದ್ರ್’, ಅಂದರೆ ಪೋರ್ಚುಗೀಸರ ‘ಮಾದ್ರೆ’, ತಾಯಿ.

ಕರ್ನಾಟಕದಲ್ಲಿ ಈ ಪದಕ್ಕೆ ತೂಕ ಬಂದದ್ದು ಕೆಲಸದಿಂದ. 1921ರಲ್ಲಿ ಅಪೊಸ್ತೊಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಸೇಂಟ್ ಆಗ್ನೆಸ್ ಕಾಲೇಜು ತೆರೆದರು. ಅದೇ ವರ್ಷ ಅದೇ ಊರಿನಲ್ಲಿ ಫಾದರ್ ಆರ್.ಎಫ್.ಸಿ. ಮಸ್ಕರೇನಸ್ ಬೆಥನಿ ಸಂಸ್ಥೆ ಕಟ್ಟಿದರು. ಹಳ್ಳಿಯ ಹೆಣ್ಣುಮಕ್ಕಳ ಓದು ಅದರ ದೊಡ್ಡ ಕಾಳಜಿ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆಗೆ ನಿಂತವರೂ ಧರ್ಮಭಗಿನಿಯರೇ. ‘ಸಿಸ್ಟರ್’ಗೆ ಎರಡು ಅರ್ಥ ಕೂಡಿಕೊಂಡದ್ದು ಸುಮ್ಮನೆ ಅಲ್ಲ.

ಎದುರಿಗೆ ಮಾತ್ರ ಯಾರೂ ಧರ್ಮಭಗಿನಿ ಎಂದು ಕೂಗುವುದಿಲ್ಲ. ವಿಜಯಪುರದ ಕಡೆ ‘ರೀ’ ಹಚ್ಚಿ ‘ಸಿಸ್ಟರ್ರೀ’ ಅಂದರೆ ಮರ್ಯಾದೆಯೂ ಆಯಿತು, ಸಲಿಗೆಯೂ ಆಯಿತು.